ಸುಂಟರಗಾಳಿಗೆ ಹೆಸರಿಟ್ಟವನ ಮಾತು

ನಾವು ಸಲೀಸಾಗಿ ಬಳಸುವ ‘ಸೈಕ್ಲೋನ್’ ಎಂಬ ಪದ ಹುಟ್ಟಿದ್ದು ಕಲ್ಕತ್ತೆಯಲ್ಲಿ. ಹಡಗಿನ ಕಪ್ತಾನನಾಗಿದ್ದ ಹೆನ್ರಿ ಪಿಡಿಂಗ್ಟನ್ 1848ರಲ್ಲಿ, ಹಾವಿನ ಸುರುಳಿಯನ್ನು ಸೂಚಿಸುವ ಗ್ರೀಕ್ ಮೂಲದಿಂದ ಅದನ್ನು ರೂಪಿಸಿದ. ಹಡಗುಗಳ ದಿನಚರಿಗಳನ್ನು ಹೋಲಿಸಿದಾಗ, ಬಿರುಗಾಳಿ ಒಂದು ಕೇಂದ್ರದ ಸುತ್ತ ತಿರುಗುವುದು ಅವನಿಗೆ ಕಂಡಿತ್ತು. ಬಿಸಿ ಕಡಲಿನಿಂದ ತೇವದ ಗಾಳಿ ಮೇಲೇರುತ್ತದೆ. ಆವಿ ಮೋಡವಾಗುವಾಗ ಬಿಡುವ ಶಾಖ ಅದನ್ನು ಇನ್ನಷ್ಟು ಮೇಲಕ್ಕೆತ್ತುತ್ತದೆ. ಕೆಳಗೆ ಒತ್ತಡ ಕುಸಿದು ಸುತ್ತಲಿನ ಗಾಳಿ ನುಗ್ಗುತ್ತದೆ, ಭೂಮಿಯ ತಿರುಗುವಿಕೆ ಅದನ್ನು ಸುರುಳಿಯಾಗಿಸುತ್ತದೆ. ಇಷ್ಟೆಲ್ಲ ನಮಗೆ ತಿಳಿದದ್ದು ಆಮೇಲೆ.

ಅಪಾಯ ಮಾತ್ರ ಅವನಿಗೆ ಆಗಲೇ ಗೊತ್ತಿತ್ತು. ಮಾತ್ಲಾ ನದಿಯ ದಡದಲ್ಲಿ ಬಂದರು ಕಟ್ಟಿದರೆ ಬಿರುಗಾಳಿ ಎಬ್ಬಿಸುವ ನೀರು ಅದನ್ನು ಮುಳುಗಿಸುತ್ತದೆ ಎಂದು 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಗೆ ಬರೆದ. ಕೇಳುವವರು ಯಾರು? ಕ್ಯಾನಿಂಗ್ ಬಂದರು ಎದ್ದಿತು. 1858ರಲ್ಲಿ ಪಿಡಿಂಗ್ಟನ್ ತೀರಿಕೊಂಡ. 1867ರ ನವೆಂಬರ್‌ನಲ್ಲಿ ಆ ನೀರು ಬಂತು.