ಬೆಜವಾಡದ ಬಾಲಕ, ‘ಹಂಸಗೀತೆ’ಯ ದನಿ

‘ಹಂಸಗೀತೆ’ ನೆನಪಿದೆಯಲ್ಲವೇ? 1975ರಲ್ಲಿ ಜಿ.ವಿ. ಅಯ್ಯರ್ ನಿರ್ದೇಶಿಸಿದ ಆ ಚಿತ್ರದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು ತೆಲುಗುನಾಡಿನ ಡಾ. ಎಂ. ಬಾಲಮುರಳೀಕೃಷ್ಣ.

1930ರ ಜುಲೈ 6ರಂದು ಪೂರ್ವ ಗೋದಾವರಿ ಜಿಲ್ಲೆಯ ಶಂಕರಗುಪ್ತಂನಲ್ಲಿ ಜನನ. ತಂದೆ ಕೊಳಲು ವಾದಕರು, ತಾಯಿ ವೈಣಿಕರು. ಎಳೆಗೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ಬೆಜವಾಡ, ಅಂದರೆ ವಿಜಯವಾಡದಲ್ಲಿ ಪಾರುಪಲ್ಲಿ ರಾಮಕೃಷ್ಣಯ್ಯ ಪಂತುಲು ಅವರ ಬಳಿ ಪಾಠ. ಅದು ತ್ಯಾಗರಾಜರ ಶಿಷ್ಯಪರಂಪರೆ. ಎಂಟರ ವಯಸ್ಸಿಗೇ ಕಚೇರಿ. ಹದಿಹರೆಯದಲ್ಲೇ 72 ಮೇಳಕರ್ತ ರಾಗಗಳಲ್ಲೂ ಕೃತಿರಚನೆ! 1952ರಲ್ಲಿ ಅವು ‘ಜನಕರಾಗ ಕೃತಿ ಮಂಜರಿ’ಯಾಗಿ ಅಚ್ಚಾದವು.

ಪಿಟೀಲು, ಮೃದಂಗ, ಖಂಜಿರಗಳನ್ನೂ ಅವರು ನುಡಿಸುತ್ತಿದ್ದರು. ಪಿಟೀಲಿಗಿಂತ ತುಸು ದೊಡ್ಡದಾದ, ಪಿಟೀಲು ಬಳಗದ ವಿಯೋಲಾದ ಗಂಭೀರ ನಾದವನ್ನು ಕರ್ನಾಟಕ ಸಂಗೀತದ ವೇದಿಕೆಗೆ ತಂದರು. ವಿಜಯವಾಡ ಆಕಾಶವಾಣಿಯ ‘ಭಕ್ತಿರಂಜನಿ’ಗೆ ದನಿಯಾದರು, ಅಲ್ಲಿನ ಸರ್ಕಾರಿ ಸಂಗೀತ ಕಾಲೇಜಿನ ಮೊದಲ ಪ್ರಾಂಶುಪಾಲರಾದರು.

ರಾಗಕ್ಕೆ ಐದು ಸ್ವರವಾದರೂ ಬೇಕೆಂಬುದು ವಾಡಿಕೆ. ಇವರ ಮಹತಿ, ಲವಂಗಿಗಳಿಗೆ ನಾಲ್ಕೇ! ಹೊಸ ರಾಗ ಹುಟ್ಟಿಸಲು ಯಾರಿಗೆ ಅಧಿಕಾರ? ವೀಣೆಯ ಎಸ್. ಬಾಲಚಂದರ್ 1980ರ ದಶಕದಲ್ಲಿ ಬಹಿರಂಗವಾಗಿಯೇ ಆಕ್ಷೇಪಿಸಿದರು. ಬಾಲಮುರಳಿ ಹಾಡುವುದನ್ನು ಬಿಡಲಿಲ್ಲ. ಅಷ್ಟರಲ್ಲಾಗಲೇ ಮಹತಿ, 1975ರ ತಮಿಳು ಚಿತ್ರ ‘ಅಪೂರ್ವ ರಾಗಂಗಳ್’ ಮೂಲಕ ಮನೆಮನೆಯ ರೇಡಿಯೋ ತಲುಪಿತ್ತು. ಶಾಸ್ತ್ರದ ಜಗಳ ಪಂಡಿತರದು. ರಾಗವನ್ನು ಉಳಿಸುವ ಕಿವಿ ಮಾತ್ರ ನಮ್ಮದೇ.

2016ರ ನವೆಂಬರ್ 22ರಂದು ಚೆನ್ನೈನಲ್ಲಿ ಅವರು ನಿಧನರಾದರು. ‘ಹಂಸಗೀತೆ’ಯ ಆ ದನಿ ಇಂದಿಗೂ ನಮ್ಮ ಬೆಳಗುಗಳಲ್ಲಿದೆ.