ಗೆಲುವು ಯಾರದು?

ರೇಸಿನಲ್ಲಿ ಕಾರೊಂದು ಮೊದಲು ಗುರಿ ಮುಟ್ಟಿದರೆ ಮಾಲೆ ಚಾಲಕನ ಕೊರಳಿಗೆ ಬೀಳುತ್ತದೆ. ಅದರಲ್ಲಿ ಯಂತ್ರದ ಪಾಲೆಷ್ಟು? ಫಾರ್ಮುಲಾ ಒನ್ ರೇಸಿನ ಇತಿಹಾಸದಲ್ಲಿ ಈ ಪ್ರಶ್ನೆ 1990ರ ದಶಕದ ಆರಂಭದಲ್ಲಿ ಬಹಳ ತೀವ್ರವಾಯಿತು.

ಬಸ್ಸು ಹಳ್ಳಕ್ಕಿಳಿದಾಗ ಅದರ ಸ್ಪ್ರಿಂಗುಗಳು ಕುಗ್ಗಿ ಹಿಗ್ಗುವುದನ್ನು ನೀವು ಬಲ್ಲಿರಿ. ರೇಸಿನ ಕಾರು ಹಾಗೆ ಕುಲುಕುವಂತಿಲ್ಲ. ಅದರ ರೆಕ್ಕೆಗಳೂ ತಳವೂ ಗಾಳಿಯ ಹರಿವಿನಿಂದಲೇ ಕಾರನ್ನು ನೆಲಕ್ಕೆ ಒತ್ತುತ್ತವೆ. ತಳಕ್ಕೂ ನೆಲಕ್ಕೂ ಇರುವ ಅಂತರ ಬದಲಾದರೆ ಆ ಒತ್ತಡವೂ ಬದಲಾಗಿ ಹಿಡಿತ ತಪ್ಪುತ್ತದೆ. ಆದುದರಿಂದ ಎಂಜಿನಿಯರುಗಳು ಪ್ರತಿ ಚಕ್ರಕ್ಕೂ ದ್ರವದ ಒತ್ತಡದಿಂದ ಚಲಿಸುವ ಉಪಕರಣವನ್ನು ಜೋಡಿಸಿ, ಅದರ ಹತೋಟಿಯನ್ನು ಗಣಕಯಂತ್ರಕ್ಕೆ ಒಪ್ಪಿಸಿದರು. 1987ರಲ್ಲಿ ಬ್ರೆಜಿಲಿನ ಐರ್ಟನ್ ಸೆನ್ನಾ ಇಂಥ ಲೋಟಸ್ ಕಾರಿನಲ್ಲಿ ಮೊನಾಕೊ ರೇಸನ್ನು ಗೆದ್ದರು. 1992ರಲ್ಲಿ ಇಂಗ್ಲೆಂಡಿನ ನೈಜೆಲ್ ಮ್ಯಾನ್ಸೆಲ್ ವಿಲಿಯಮ್ಸ್ ಕಾರಿನಲ್ಲಿ ಮೊದಲ 5 ರೇಸುಗಳನ್ನು ಸಾಲಾಗಿ ಗೆದ್ದು, ವರ್ಷದ 16ರಲ್ಲಿ ಒಟ್ಟು 9ನ್ನು ತಮ್ಮದಾಗಿಸಿಕೊಂಡರು.

ಗೆದ್ದದ್ದು ಕಾರು ಎನ್ನೋಣವೇ? ಅದೇ ಕಾರು ಇಟಲಿಯ ರಿಕಾರ್ಡೊ ಪಟ್ರೇಸೆಯವರ ಕೈಯಲ್ಲೂ ಇತ್ತು. ಅವರಿಗೆ ದಕ್ಕಿದ್ದು ಒಂದೇ ಗೆಲುವು. ಸ್ಪ್ರಿಂಗಿನ ಕಾರು ಹಿಡಿತ ತಪ್ಪುವ ಮುನ್ನ ವಾಲಿ, ಅದುರಿ, ಚಾಲಕನ ಬೆನ್ನಿಗೆ ಸುದ್ದಿ ಮುಟ್ಟಿಸುತ್ತದೆ. ಗಣಕಯಂತ್ರ ಆ ಸುದ್ದಿಯನ್ನು ನಡುದಾರಿಯಲ್ಲೇ ಅಡಗಿಸುತ್ತಿತ್ತು. ಚಕ್ರ ನೆಲ ಬಿಡದು ಎಂದು ನಂಬಿ ವೇಗದ ತಿರುವಿಗೆ ನುಗ್ಗಬೇಕಿತ್ತು. ಮ್ಯಾನ್ಸೆಲ್ ನುಗ್ಗಿದರು, ಪಟ್ರೇಸೆಯವರಿಗೆ ಆ ನಂಬಿಕೆ ಸುಲಭವಾಗಿ ಬರಲಿಲ್ಲ. (ಕಾಣದ್ದನ್ನು ನಂಬುವುದು ಎಷ್ಟು ಕಷ್ಟವೆಂದು ಧರ್ಮಕೇಂದ್ರದ ಗುರುವಿಗೆ ಯಾರೂ ಹೇಳಿಕೊಡಬೇಕಿಲ್ಲ!)

1993ರ ಏಪ್ರಿಲ್ 11, ಪಾಸ್ಕ ಭಾನುವಾರ. ಇಂಗ್ಲೆಂಡಿನ ಡೊನಿಂಗ್ಟನ್‌ನಲ್ಲಿ ಮಳೆ. ಆರಂಭದಲ್ಲಿ ಐದನೆಯ ಸ್ಥಾನಕ್ಕೆ ಜಾರಿದ ಸೆನ್ನಾ ಮೊದಲ ಸುತ್ತು ಮುಗಿಯುವುದರೊಳಗೆ ನಾಲ್ವರನ್ನೂ ಹಿಂದಿಕ್ಕಿದರು. ಅವರಲ್ಲಿ ಇಬ್ಬರು ವಿಲಿಯಮ್ಸ್ ಚಾಲಕರು. ಎರಡನೆಯವರಿಗಿಂತ ಒಂದು ನಿಮಿಷಕ್ಕೂ ಹೆಚ್ಚು ಮುಂದಾಗಿ ಗೆದ್ದರು. ಇದನ್ನು ಯಂತ್ರದ ಮೇಲೆ ಮನುಷ್ಯನ ಜಯವೆಂದು ಕೊಂಡಾಡುವುದುಂಟು. ಆ ಹೊಗಳಿಕೆ ಪೂರ್ಣ ಸತ್ಯವಲ್ಲ, ಏಕೆಂದರೆ ಸೆನ್ನಾರ ಮೆಕ್ಲಾರೆನ್ ಕಾರಿನಲ್ಲಿಯೂ ಗಣಕಯಂತ್ರವಿತ್ತು.

ಚಾಲಕನ ಕೌಶಲಕ್ಕೆ ಮರಳಿ ಬೆಲೆ ಬರಲೆಂದು 1994ರಿಂದ ಈ ಸಾಧನಗಳನ್ನು ನಿಷೇಧಿಸಲಾಯಿತು. ಅವುಗಳಿಗೇ ಒಗ್ಗಿದ್ದ ವಿಲಿಯಮ್ಸ್ ತಂಡದ ಹೊಸ ಕಾರು ಹತೋಟಿಗೆ ಬಗ್ಗದಂತಾಯಿತು. ಆಗ ಅದರ ಚಾಲಕರು ಸೆನ್ನಾ. ಮೇ 1ರಂದು ಇಟಲಿಯ ಇಮೊಲಾದಲ್ಲಿ ಅವರು ಮಡಿದರು. ಹಿಂದಿನ ದಿನವಷ್ಟೇ ಅಲ್ಲಿ ಆಸ್ಟ್ರಿಯಾದ ರೊಲಾಂಡ್ ರಾಟ್ಸೆನ್‌ಬರ್ಗರ್ ತೀರಿಕೊಂಡಿದ್ದರು. ಸೆನ್ನಾರ ಸಾವನ್ನು ನಿಷೇಧದ ತಲೆಗೆ ಕಟ್ಟುವುದು ನ್ಯಾಯವಲ್ಲ. ಇಟಲಿಯ ನ್ಯಾಯಾಲಯಗಳು ವರ್ಷಗಟ್ಟಲೆ ವಿಚಾರಿಸಿದ್ದು ಮುರಿದ ಸ್ಟಿಯರಿಂಗ್ ದಂಡದ ಕುರಿತು.

2022ರಲ್ಲಿ ನಿಯಮ ಬದಲಾಗಿ, ತಳದ ಗಾಳಿಗೆ ಮತ್ತೆ ಪ್ರಾಧಾನ್ಯ ಬಂತು. ಕಾರುಗಳು ನೇರ ರಸ್ತೆಯಲ್ಲೂ ಕುಪ್ಪಳಿಸತೊಡಗಿದವು. ಗಣಕಯಂತ್ರದ ಸಸ್ಪೆನ್ಷನ್ ಇದ್ದಿದ್ದರೆ ಇದು ಕ್ಷಣದಲ್ಲಿ ಪರಿಹಾರವಾಗುತ್ತಿತ್ತೆಂದು ಚಾಲಕ ಜಾರ್ಜ್ ರಸೆಲ್ ಹೇಳಿದರು. ಜೂನ್‌ನಲ್ಲಿ ಬಾಕು ರೇಸು ಮುಗಿದಾಗ 7 ಬಾರಿಯ ವಿಶ್ವವಿಜೇತ ಲೂಯಿಸ್ ಹ್ಯಾಮಿಲ್ಟನ್ ಬೆನ್ನು ಹಿಡಿದುಕೊಂಡು ಕಾರಿನಿಂದಿಳಿದರು. ಅಂತರರಾಷ್ಟ್ರೀಯ ಒಕ್ಕೂಟವು ಕುಪ್ಪಳಿಕೆಗೆ ಮಿತಿ ಹಾಕಿತೇ ಹೊರತು ನಿಷೇಧವನ್ನು ಸಡಿಲಿಸಲಿಲ್ಲ.