ಮಡಿಲಲ್ಲಿ ಬಚ್ಚಿಟ್ಟು ಓದಿದ ಪಠ್ಯಪುಸ್ತಕ

ಪಠ್ಯಪುಸ್ತಕ ಅಂದ್ರೆ ಪರೀಕ್ಷೆ ಮುಗಿದ ಮೇಲೆ ಮೂಲೆಗೆಸೆಯೋ ಸರಕು ಅಂತ ನಾವು ತಿಳಿದಿದ್ದೇವೆ. ಆಳುವವರು ಯಾವತ್ತೂ ಹಾಗೆ ತಿಳಿದಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸದಂತೆ ಕಾನೂನನ್ನೇ ಮಾಡಿದ್ದರು. 1865ರಲ್ಲಿ ಗುಲಾಮಗಿರಿ ಹೋಯಿತು. ಆಮೇಲೆ ಅಕ್ಷರದೊಳಗೇ ಬೇಲಿ ಹಾಕಿದರು. ಆಫ್ರಿಕಾಕ್ಕೆ ಚರಿತ್ರೆಯಿಲ್ಲ, ಗುಲಾಮರು ಧಣಿಗಳ ನೆರಳಲ್ಲಿ ಸುಖವಾಗಿದ್ದರು ಅಂತ ಕರಿಯರ ಮಕ್ಕಳೇ ಬಾಯಿಪಾಠ ಮಾಡಬೇಕಿತ್ತು.

ಈ ಬೇಲಿಗೆ ಕೈಹಾಕಿದವನು ಕಾರ್ಟರ್ ವುಡ್‌ಸನ್. 1875ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ. ಅಪ್ಪ ಅವ್ವ ಇಬ್ಬರೂ ಗುಲಾಮರಾಗಿದ್ದವರು. ಅಪ್ಪನಿಗೆ ಓದು ಬಾರದು. ಹುಡುಗ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿಗಿಳಿದ. ಕೆಲಸ ಬಿಟ್ಟ ಮೇಲೆ ಗಣಿಯಾಳುಗಳಿಗೆ ಪೇಪರು ಓದಿ ಹೇಳುತ್ತಿದ್ದ. ಅವರಲ್ಲಿ ಅಂತರ್ಯುದ್ಧದಲ್ಲಿ ಬಂದೂಕು ಹಿಡಿದವರಿದ್ದರು. ಅವರು ತಮ್ಮ ಕಥೆ ಹೇಳುತ್ತಿದ್ದರು. ಶಾಲೆಯ ಪುಸ್ತಕದಲ್ಲಿಲ್ಲದ ಚರಿತ್ರೆ ಓದು ಬಾರದವರ ಬಾಯಲ್ಲಿತ್ತು.

ಇಪ್ಪತ್ತರ ವಯಸ್ಸಿಗೆ ಹೈಸ್ಕೂಲು ಸೇರಿದವನು 1912ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ತಗೊಂಡ. ಪದವಿ ಸಿಕ್ಕಿತು ಅಂತ ತಣ್ಣಗೆ ಕೂರಲಿಲ್ಲ. 1915ರಲ್ಲಿ ಕರಿಯರ ಚರಿತ್ರೆಯ ಅಧ್ಯಯನಕ್ಕೆ ಸಂಘ ಕಟ್ಟಿದ, ಮರುವರ್ಷ ಪತ್ರಿಕೆ ತಂದ, ಪುಸ್ತಕ ಅಚ್ಚು ಹಾಕಲು ತಮ್ಮದೇ ಪ್ರಕಾಶನ ಶುರುಮಾಡಿದ. 1922ರಲ್ಲಿ ಅಲ್ಲಿಂದಲೇ 'ನಮ್ಮ ಇತಿಹಾಸದಲ್ಲಿ ನೀಗ್ರೋ' ಎಂಬ ಪಠ್ಯಪುಸ್ತಕ ಬಂತು. ಅದು ಗುಲಾಮರ ಹಡಗಿನಿಂದ ಶುರುವಾಗಲಿಲ್ಲ, ಆಫ್ರಿಕಾದಿಂದ ಶುರುವಾಯಿತು. ದಂಗೆಯೆದ್ದವರಿಗೂ ಅದರಲ್ಲಿ ಜಾಗವಿತ್ತು.

ಬಿಳಿಯರಿಗೆ ಇದು ಸಹಿಸಲಿಲ್ಲ. 1925ರಲ್ಲಿ ಒಕ್ಲಹೋಮಾದ ಮಸ್ಕೋಗಿ ಊರಿನ ಶಾಲಾ ಮಂಡಳಿ ಈ ಪುಸ್ತಕವನ್ನು ಕರಿಯರ ಹೈಸ್ಕೂಲಿನಿಂದ ತೆಗೆಸಿಹಾಕಿತು. ಆದರೂ ಪುಸ್ತಕ ನಿಲ್ಲಲಿಲ್ಲ. ಅದನ್ನು ಹೊತ್ತು ನಡೆಸಿದವರು ಹಳ್ಳಿಪೇಟೆಗಳ ಕರಿಯ ಮೇಷ್ಟ್ರುಗಳು.

1933ರ ಸುಮಾರು, ಲೂಸಿಯಾನ ರಾಜ್ಯದ ಒಂದು ಶಾಲೆ. ಕರಿಯ ಮೇಡಂ ಒಬ್ಬರ ಮೇಜಿನ ಮೇಲೆ ಸರ್ಕಾರ ಕೊಟ್ಟ ಪಾಠಪಟ್ಟಿ. ಮಡಿಲಲ್ಲಿ ವುಡ್‌ಸನ್ ಪುಸ್ತಕ. ಅದರಿಂದ ಸಾಲು ಸಾಲಾಗಿ ಓದಿ ಹೇಳ್ತಿದ್ದರು. ಹೆಡ್‌ಮಾಸ್ಟರ್ ಬಂದರೆ ಕಣ್ಣು ಮೇಜಿನ ಮೇಲಕ್ಕೆ ಏರುತ್ತಿತ್ತು. ಅವರು ಹೋದರೆ ಮತ್ತೆ ಮಡಿಲಿಗೆ ಇಳಿಯುತ್ತಿತ್ತು. ಆ ತರಗತಿಯಲ್ಲಿ ಕೂತಿದ್ದ ಹುಡುಗನೊಬ್ಬ ದೊಡ್ಡವನಾದ ಮೇಲೆ ಇದನ್ನು ನೆನೆದು ಹೇಳಿದ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತೆ ಅಂತ ಆ ಮೇಡಂಗೆ ಗೊತ್ತಿರಲಿಲ್ಲವೆ? ಗೊತ್ತಿದ್ದೇ ಓದಿದರು.

1972ರಲ್ಲಿ ಮುಂಬಯಿಯ ದಲಿತ ಯುವಕರು ಅಮೆರಿಕದ ಕರಿಯರಿಂದ ಪ್ಯಾಂಥರ್ ಎಂಬ ಹೆಸರು ತಂದರು. ಹೆಸರಿನ ಹಿಂದೆ ಈ ಕೆಲಸವೂ ಬರಬೇಕು. ನಮ್ಮ ಅಜ್ಜ ಅಜ್ಜಿಯರ ಬಾಯಲ್ಲಿ ಇನ್ನೂ ಪುಸ್ತಕವಾಗದ ಚರಿತ್ರೆ ಎಷ್ಟಿದೆ! ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಅವರು ಮಣ್ಣಿಗೆ ಹೋಗೋ ಮುಂಚೆ ಕೇಳಿ ಬರೆದಿಡೋಣ.